ಥಾರ್ನ್ಲಿಯಲ್ಲಿ ಆರ್ಥಿಕ ಚೇತರಿಕೆ

ಡೀಸೆಲ್ ರೇಟು ನೋಡೋದೇ ನನ್ನ ಹೊಟ್ಟೆಪಾಡು ಅಂದ್ರೆ ಜನ ನಗ್ತಾರೆ. ನಗಲಿ ಬಿಡಿ, ನಗೋ ಅಂಥದ್ದು ವಾರಕ್ಕೊಂದಾದ್ರೂ ನಡೀತಾನೇ ಇರುತ್ತೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಮ್ಮದು ಬಂಕ್‌ಗಳಿಗೆ ಡೀಸೆಲ್ ಕಳಿಸೋ ಸಣ್ಣ ಕಂಪನಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್, ಈ ಮೂರು ಊರಿನ ಡೀಸೆಲ್ ರೇಟು, ಮಾರಾಟ ನೋಡಿ ಎಲ್ಲಿ ಕಾಲ ಚೆನ್ನಾಗಿದೆ, ಎಲ್ಲಿ ಕೆಟ್ಟಿದೆ ಅಂತ ರಿಪೋರ್ಟ್ ಬರೆಯೋದು ನನ್ನ ಕೆಲಸ. ಆರು ತಿಂಗಳು ಪ್ರೊಬೇಷನ್. ಪಾಸಾದ್ರೆ ಖಾಯಂ, ಇಲ್ಲದಿದ್ರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಮೈಸೂರು.

ಪರ್ತ್: ಎರಡು ಮಾಸ್ಟರ್ಸ್

ಪರ್ತ್‌ನಲ್ಲೊಂದು ಚೆಂದದ ಪದ್ಧತಿ. ನಾಳೆಯ ರೇಟನ್ನ ಬಂಕಿನವರು ಇವತ್ತೇ ಸರ್ಕಾರಕ್ಕೆ ಹೇಳಬೇಕು, ಮಧ್ಯಾಹ್ನಕ್ಕೆಲ್ಲ ಅದು ವೆಬ್‌ಸೈಟ್‌ನಲ್ಲಿ ಬಂದಿರುತ್ತೆ. ಇಲ್ಲಿನ ಥಾರ್ನ್ಲಿ ಬಡಾವಣೇಲಿ ಮಗಳ ಮನೇಲಿರೋ, ಕನ್ನಡ ಸಂಘದಲ್ಲಿ ಪರಿಚಯವಾದ ಒಬ್ಬರು ರಿಟೈರ್ಡ್ ಅಂಕಲ್ ಮಾತ್ರ ದಿನಾ ನನಗೇ ಫೋನ್ ಮಾಡ್ತಿದ್ರು.

"ಅಂಕಲ್, ಮೊಬೈಲಲ್ಲೇ ಬರುತ್ತೆ, ನೋಡ್ಕೊಳ್ಳಿ."

"ಮೊಬೈಲ್‌ನ ಯಾರಪ್ಪ ನಂಬ್ತಾರೆ? ಬಲ್ಲವರ ಬಾಯಿಂದ ಬರಬೇಕು. ಅಂದಹಾಗೆ, ಏನು ಓದಿದೀಯ ನೀನು?"

ನಾನು ಉಬ್ಬಿಹೋದೆ. "ಎರಡು ಮಾಸ್ಟರ್ಸ್ ಅಂಕಲ್. ಒಂದು ಎಕನಾಮಿಕ್ಸು, ಒಂದು ಡೇಟಾ ಸೈನ್ಸು."

"ಭೇಷ್! ಈಗ ನಾಳೆ ಡೀಸೆಲ್ ಎಷ್ಟು ಹೇಳು."

ಬ್ರಿಸ್ಬೇನ್: ಡಬ್ಬಿ

ಮೂರನೇ ತಿಂಗಳು ಬ್ರಿಸ್ಬೇನ್‌ಗೆ ಕಳಿಸಿದ್ರು. ಹೆದ್ದಾರಿ ಬಂಕಿನಲ್ಲಿ ಒಬ್ಬ ಹಳೇ ಲಾರಿ ಡ್ರೈವರ್ ನನ್ನ ಲ್ಯಾಪ್‌ಟಾಪ್ ನೋಡಿ ಪಾಪ ಅಂತ ಪಾಠ ಹೇಳಿದ. "ರೇಟಿನ ಬೋರ್ಡ್ ನೋಡಿ ಏನ್ ಮಾಡ್ತೀಯ, ಮೇಟ್? ಒಳಗೆ ತಿನ್ನೋ ಪೈ ಮಾರೋ ಕಡೆ ನೋಡು. ಡ್ರೈವರ್‌ಗಳು ಎರಡೆರಡು ಪೈ ತಗೊಂಡ್ರೆ ಕಾಲ ಚೆನ್ನಾಗಿದೆ. ಒಂದೇ ತಗೊಂಡ್ರೆ ಹುಷಾರು. ಮನೆಯಿಂದ ಡಬ್ಬಿ ತಂದ್ರೆ ಮುಗೀತು, ಕೆಲಸ ಹೋಗೋ ಹಾಗಿದೆ ಅಂತ ಅರ್ಥ."

ಅಬ್ಬಾ, ಎಂಥಾ ಅನುಭವ! ಎಲ್ಲಾ ಬರೆದುಕೊಂಡೆ. ಅಷ್ಟೊತ್ತಿಗೆ ಹೊಟ್ಟೆ ಚುರುಗುಟ್ಟಿತು. ಬ್ಯಾಗಿಂದ ಚಿತ್ರಾನ್ನದ ಡಬ್ಬಿ ತೆಗೆದೆ.

ಡ್ರೈವರ್ ನನ್ನ ಹೆಗಲ ಮೇಲೆ ಕೈಯಿಟ್ಟ. "ಅಯ್ಯೋ, ಕೆಲಸದಿಂದ ಯಾವಾಗ ತೆಗೀತಾರಂತೆ?"

ಅಡಿಲೇಡ್: ತಿಳಿಸಾರು

ಅಡಿಲೇಡ್‌ನ ಬ್ಲೇರ್ ಅಥಾಲ್‌ನಲ್ಲಿ ಒಬ್ಬರು ಆಂಟಿ ಡೀಸೆಲ್ ವ್ಯಾನಲ್ಲಿ ಮನೆಮನೆಗೆ ಊಟ ತಲುಪಿಸ್ತಾರೆ. "ಡೀಸೆಲ್ ಏರಿದಾಗ ಊಟದ ರೇಟೂ ಏರಿಸ್ತೀರಾ ಆಂಟಿ?" ಅಂದೆ.

"ಏರಿಸಿದ್ರೆ ಬಿಡ್ತಾರಾ? ಹುಳಿಗೆ ಇನ್ನೊಂದು ಚೊಂಬು ನೀರು ಹಾಕ್ತೀನಿ, ಅಷ್ಟೇ."

ಆವತ್ತು ನನಗೆ ಬಡಿಸಿದ ಹುಳೀಲಿ ಬಟ್ಟಲಿನ ತಳ ಕಾಣ್ತಿತ್ತು. ರಿಪೋರ್ಟ್‌ನಲ್ಲಿ ಗಂಭೀರವಾಗಿ ಬರೆದೆ: "ಅಡಿಲೇಡ್‌ನಲ್ಲಿ ಇಂಧನದ ಹೊರೆ ಗ್ರಾಹಕರಿಗೆ ದ್ರವರೂಪದಲ್ಲಿ ವರ್ಗಾವಣೆಯಾಗುತ್ತಿದೆ." ಪರ್ತ್ ಆಫೀಸಿನ ನಮ್ಮ ಮ್ಯಾನೇಜರಮ್ಮ ಆ ವಾಕ್ಯಕ್ಕೆ ಅಡಿಗೆರೆ ಎಳೆದು "ವೆರಿ ಗುಡ್" ಅಂತ ಬರೆದಿದ್ದಳು.

ಮತ್ತೆ ಪರ್ತ್: ಚೇತರಿಕೆ

ಆರನೇ ತಿಂಗಳು. ನಾವು ಡೀಸೆಲ್ ಕಳಿಸೋ ಥಾರ್ನ್ಲಿಯ ಒಂದು ಬಂಕಿನಲ್ಲಿ ಕೆಲವು ದಿನ ಡೀಸೆಲ್ ಮಾರಾಟ ಇದ್ದಕ್ಕಿದ್ದಂತೆ ಏರ್ತಿತ್ತು. ಸಿಕ್ಕಿತಲ್ಲ ಅಂತ ಕುಣಿದಾಡಿಬಿಟ್ಟೆ. "ಥಾರ್ನ್ಲಿಯಲ್ಲಿ ಆರ್ಥಿಕ ಚೇತರಿಕೆ" ಅಂತ ಹತ್ತು ಪುಟ ಗೀಚಿದೆ. ಮ್ಯಾನೇಜರಮ್ಮನಿಗೆ ಎಷ್ಟು ಖುಷಿಯಾಯ್ತು ಅಂದ್ರೆ, "ನಡಿ, ಚೇತರಿಕೆ ಹೇಗಿರುತ್ತೆ ಕಣ್ಣಾರೆ ನೋಡೋಣ" ಅಂತ ಕಾರು ಹತ್ತಿಸಿಕೊಂಡು ಹೊರಟೇಬಿಟ್ಟಳು.

ಬಂಕಿನ ಮುಂದೆ ಕಾರುಗಳ ಸಾಲು. ಕಾರುಗಳೊಳಗೆ ನೋಡಿದ್ರೆ ಎಲ್ಲಾ ನಮ್ಮ ಕನ್ನಡದೋರೇ! ಒಬ್ಬರು ಕಾರಿಂದ ಕಾರಿಗೆ ಚಕ್ಕುಲಿ ಹಂಚ್ತಿದ್ರು. ನಡುವೆ ನಿಂತು "ಮುಂದೆ ಬನ್ನಿ, ಮುಂದೆ ಬನ್ನಿ" ಅಂತ ಕೈ ಬೀಸ್ತಿದ್ದವರು ಸಾಕ್ಷಾತ್ ನಮ್ಮ ಅಂಕಲ್.

"ಬಾರಪ್ಪ ಬಾ! ಎಲ್ಲಾ ನಿನ್ನಿಂದಲೇ!"

ಇಲ್ಲಿಯವರ ಇಂಗ್ಲಿಷು ಅಂಕಲ್‌ಗೆ ಹತ್ತಲ್ಲ, ಅದಕ್ಕೆ ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳೇ ದುಭಾಷಿ. "ತಾತ ಏನಂತಿದ್ದಾರೆ?" ಅಂತ ಮ್ಯಾನೇಜರಮ್ಮ ಆ ಹುಡುಗೀನ ಕೇಳಿದಳು.

ಹುಡುಗಿ ನನ್ನ ಕಡೆ ಬೆರಳು ತೋರಿಸಿ ಪಟಪಟನೆ ಇಂಗ್ಲಿಷಲ್ಲಿ ಒಪ್ಪಿಸಿದಳು: "ಈ ಅಂಕಲ್ ದಿನಾ ನಾಳೆ ರೇಟು ಹೇಳ್ತಾರೆ. ತಾತ ಅದನ್ನ ಕನ್ನಡದವರ ಗ್ರೂಪಿಗೆ ಹಾಕ್ತಾರೆ. ನಾಳೆ ಏರುತ್ತೆ ಅಂದ್ರೆ ನಾವೆಲ್ಲ ಇವತ್ತೇ ಬರ್ತೀವಿ. ಬೇರೆ ದಿನ ಇಲ್ಲಿಗೆ ಯಾರೂ ಬರಲ್ಲ."

ಚೇತರಿಕೆ ಅಂತ ನಾನು ಬರೆದದ್ದು ನಾನೇ ಹಬ್ಬಿಸಿದ ಸುದ್ದಿಯ ಫಲ! ಮ್ಯಾನೇಜರಮ್ಮ ಸಾಲನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಮುಗೀತು ಕಥೆ ಅಂದುಕೊಂಡೆ.

"ನಿನ್ನ ರಿಪೋರ್ಟು ಶುದ್ಧ ಕಸ," ಅಂದಳು. "ಆದ್ರೆ ನಮ್ಮ ಸೇಲ್ಸ್‌ನವರು ಈ ಬಂಕಿಗೆ ಇಷ್ಟು ಜನರನ್ನ ಯಾವತ್ತೂ ಕರೆತಂದಿಲ್ಲ. ಸೋಮವಾರದಿಂದ ಸೇಲ್ಸ್‌ಗೆ ಬಾ. ಖಾಯಂ."

ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು. ಥ್ಯಾಂಕ್ಸ್ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಮೊಮ್ಮಗಳಿಂದ ವಿಷಯ ತಿಳ್ಕೊಂಡ ಅಂಕಲ್ ನನಗೆ ಕೈ ಅಡ್ಡ ಹಿಡಿದರು.

"ತಡಿಯೋ, ಹಾಗೆಲ್ಲ ತಕ್ಷಣ ಒಪ್ಕೋಬಾರದು. ಪುಟ್ಟೀ, ನಮ್ಮ ಹುಡುಗ ಯೋಚನೆ ಮಾಡಿ ಹೇಳ್ತಾನಂತೆ ಅನ್ನು!"