ಪ್ರೆಸೆಂಟ್ ಪರ್ಫೆಕ್ಟಿನಲ್ಲಿ ಒಂದು ಹುಲಿ

ಇಂಗ್ಲಿಷಿನ ಎಲ್ಲ ಕಾಲಗಳ ಪೈಕಿ ಪ್ರೆಸೆಂಟ್ ಪರ್ಫೆಕ್ಟ್ ಮೇಲೆ ನನಗೆ ಮೊದಲಿನಿಂದಲೂ ತುಸು ಹೆಚ್ಚಿನ ಮಮತೆ. ಕೆಲಸ ಆಗಿದೆ ಎನ್ನುತ್ತದೆ. ಯಾವಾಗ ಆಯಿತು ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಸಂಸಾರಸ್ಥನಿಗೆ ಇದಕ್ಕಿಂತ ಅನುಕೂಲದ ಕಾಲ ಯಾವುದಿದೆ? "ಗ್ಯಾಸ್ ಬುಕ್ ಮಾಡೀರೇನು?" ಎಂದು ಹೆಂಡತಿ ಕೇಳಿದರೆ "ಮಾಡೇನಿ" ಎಂದುಬಿಡುತ್ತೇನೆ. "ಯಾವಾಗ ಮಾಡಿದ್ರಿ?" ಎಂದು ಅವಳು ಕೇಳುವವರೆಗೆ ಮನೆ ಶಾಂತವಾಗಿರುತ್ತದೆ.

ಹಳಿಯಾಳದ ಹೈಸ್ಕೂಲಿನಲ್ಲಿ ಈ ಕಾಲವನ್ನು ಕಲಿಸಿ ಕಲಿಸಿಯೇ ನಿವೃತ್ತನಾದವನು ನಾನು. ಅಷ್ಟು ವರ್ಷದಲ್ಲಿ ಒಬ್ಬ ಇಂಗ್ಲೆಂಡಿನವನ ಜೊತೆಗೂ ಮಾತಾಡಿರಲಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಜೋಯಿಡಾ ಕಡೆಯ ಹೋಮ್‌ಸ್ಟೇ ಮಾಲೀಕರೊಬ್ಬರು ತಮ್ಮಲ್ಲಿ ಅಡುಗೆ ಮಾಡುವ ಮರಿಯಾಬಾಯಿಗೆ ಇಂಗ್ಲಿಷ್ ಕಲಿಸಲು ಕರೆದರು. ನಾಲ್ಕು ಮಾತು ಬಂದರೆ ಆಕೆಗೆ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ, ಒಲೆಯ ಹೊಗೆಯಿಂದ ಬಿಡುಗಡೆ. ಅದಕ್ಕೇ ಆಕೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ ಶ್ರದ್ಧೆಯಿಂದ ಪಾಠ ಕೇಳುತ್ತಿದ್ದಳು.

"ಹ್ಯಾವ್ ಹಾಕ್ರಿ, ಮುಂದ ಕ್ರಿಯಾಪದದ ಮೂರನೇ ರೂಪ ಹಾಕ್ರಿ. ಸೀ, ಸಾ, ಸೀನ್. ಐ ಹ್ಯಾವ್ ಸೀನ್. ಯೆಸ್ಟರ್ಡೇ ಗಿಸ್ಟರ್ಡೇ ಅನಬಾರ್ದು."

"ಯಾವಾಗ ಅಂತ ಹೇಳದಿದ್ರ ಮಂದಿ ಹೆಂಗ ನಂಬತಾರ್ರೀ ಸರ್?"

"ನಂಬೂದು ಗ್ರಾಮರ್‌ನಾಗ ಬರೂದಿಲ್ಲ. ಬರಕೋರಿ."

ಆ ಹೊತ್ತಿಗೆ ಲಂಡನ್ನಿನಿಂದ ಬಂದಿದ್ದ ಅಜ್ಜಿಯೊಬ್ಬಳು ಕೋಲೂರಿಕೊಂಡು ಪಡಸಾಲೆಗೆ ಬಂದಳು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದಳು. ನನ್ನನ್ನು ನೋಡಿ, "ಹ್ಯಾವ್ ಯೂ ಸೀನ್ ಎ ಟೈಗರ್ ಹಿಯರ್?" ಎಂದಳು.

ನನಗೆ ರೋಮಾಂಚನವಾಯಿತು. ಬೋರ್ಡಿನ ಮೇಲೆ ಸಾವಿರ ಸಲ ಬರೆದಿದ್ದ ವಾಕ್ಯ ಜೀವ ತಳೆದು ಎದುರಿಗೇ ನಿಂತಿತ್ತು! ಅದಕ್ಕೆ ತಕ್ಕ ಉತ್ತರ ಕೊಡುವ ಹುಮ್ಮಸ್ಸಿನಲ್ಲಿ "ಯೆಸ್, ಐ ಹ್ಯಾವ್ ಸೀನ್" ಎಂದೆ. ವ್ಯಾಕರಣ ಪೂರ್ತಿ ಸರಿಯಿತ್ತು. ಹುಲಿಯೊಂದೇ ಇರಲಿಲ್ಲ.

"ವೆನ್ ಡಿಡ್ ಯೂ ಸೀ ಇಟ್?" ಎಂದಳು ಅಜ್ಜಿ.

ಸಿಂಪಲ್ ಪಾಸ್ಟ್! ಕಾಲ ಹೇಳದೆ ಬಿಡದ ಜಾತಿ ಅದು. ಬಾಯಿಗೆ ಬಂದಂತೆ "ಯೆಸ್ಟರ್ಡೇ" ಎಂದೆ. ಎಲ್ಲಿ ಎಂದಳು. ಕೆಳಗಿನ ಹಳ್ಳದ ಕಡೆ ಕೈ ತೋರಿಸಿದೆ. ಅಜ್ಜಿಯ ಮುಖ ಅರಳಿತು. ಟೋಪಿ ಹಾಕಿಕೊಂಡು, ಆ ಕಾಲಿನಲ್ಲಿಯೇ ಕಲ್ಲುದಾರಿಯಲ್ಲಿ ಇಳಿಯಲು ಹೊರಟೇಬಿಟ್ಟಳು; ನಾನು ದಾರಿ ತೋರಿಸಬೇಕಂತೆ.

ಮರಿಯಾಬಾಯಿ ಮೆಣಸಿನಕಾಯಿಯ ಮೊರ ಕೆಳಗಿಟ್ಟಳು. "ಸರ್, ಖರೇ ನೋಡೀರಿ?"

ನಾನು ಚಾವಣಿ ನೋಡಿದೆ.

"ಆ ಮುದುಕಿ ಕಾಲಾದ್ರೂ ನೋಡ್ರಿ," ಎಂದವಳೇ ಓಡಿಹೋಗಿ ಅಜ್ಜಿಯ ತೋಳು ಹಿಡಿದಳು. ಒಂದು ಗಳಿಗೆ ಮಾತಿಗೆ ತಡಕಾಡಿ, "ಮೇಡಂ, ಸರ್ ಹ್ಯಾವ್ ನಾಟ್ ಸೀನ್ ಎನಿ ಟೈಗರ್" ಎಂದಳು.

"ಹ್ಯಾವ್ ಅಲ್ಲ, ಹ್ಯಾಜ್!" ಎಂದು ನಾನು ಕೂತಲ್ಲಿಂದಲೇ ಕೂಗಿದೆ.

"ಸರ್ ಹ್ಯಾಜ್ ನಾಟ್ ಸೀನ್ ಎನಿ ಟೈಗರ್" ಎಂದಳು ಮರಿಯಾಬಾಯಿ, ಗಟ್ಟಿಯಾಗಿ.

ನನ್ನ ಸರ್ವಿಸಿನಲ್ಲೇ ಯಾವ ವಿದ್ಯಾರ್ಥಿಯೂ ಇಷ್ಟು ಶುದ್ಧವಾದ ವಾಕ್ಯ ಹೇಳಿರಲಿಲ್ಲ. ಅದರ ಅರ್ಥ ತಲೆಗೆ ಇಳಿಯುವ ಮೊದಲೇ "ವೆರಿ ಗುಡ್" ಎಂದುಬಿಟ್ಟಿದ್ದೆ.

ಅಜ್ಜಿ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಮರುದಿನದಿಂದಲೇ ಮರಿಯಾಬಾಯಿಗೆ ಅತಿಥಿಗಳ ಕೆಲಸ ಸಿಕ್ಕಿತು. ಮಾಲೀಕರು ನನಗೆ ಫೋನ್ ಮಾಡಿ, "ಆಕಿಗೆ ಇನ್ನ ಪಾಠ ಬೇಕಾಗಿಲ್ರಿ ಸರ್" ಎಂದರು. ಬೇಕಾಗಿರುವುದು ಯಾರಿಗೆ ಎಂದು ಬಿಡಿಸಿ ಹೇಳದಿದ್ದುದು ಅವರ ಸೌಜನ್ಯ.