ಹಳದಿ ಮನೆಯ ಗುರುತು

ಮುಳಬಾಗಿಲಿನ ರೇಷ್ಮೆ ಇಲಾಖೆಯ ಗುಮಾಸ್ತ ಚನ್ನರಾಯಪ್ಪನವರ ಗ್ರಹಚಾರ ಶುರುವಾದದ್ದು ಒಂದು ಪೋಸ್ಟ್‌ಕಾರ್ಡಿನಿಂದ. ಮಗಳನ್ನು ನೋಡಲು ಮಾಲೂರಿನಿಂದ ಬರುವ ಗಂಡಿನ ಕಡೆಯವರಿಗೆ ಅವರು ಗುರುತು ಬರೆದಿದ್ದರು: 'ಬೀದಿಯಲ್ಲಿ ಹಳದಿ ಬಣ್ಣದ ಮನೆ ನಮ್ಮದೊಂದೇ.' ಬರೆಯುವಾಗ ಮನೆ ಹಳದಿಯಾಗಿರಲಿಲ್ಲ. ಯಾವ ಬಣ್ಣವೂ ಆಗಿರಲಿಲ್ಲ. ಹಿಂದೆ ಎರಡು ಸಂಬಂಧಗಳು ಆ ಮಾಸಿದ ಗೋಡೆ ನೋಡಿಯೇ ವಾಪಸಾಗಿದ್ದವು. ಈ ಹುಡುಗ ಹೆಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಇದೂ ತಪ್ಪಿದರೆ ಮಗಳ ಮುಖ ಹೇಗೆ ನೋಡುವುದೆಂದು ಅವರಿಗೆ ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ.

ಗಂಡಿನ ಕಡೆಯವರು ಬರುವ ಭಾನುವಾರವೇ ಬೆಳಿಗ್ಗೆ ಪೇಂಟರ್ ಕದಿರೇಶ ಹಳದಿ ಡಿಸ್ಟೆಂಪರಿನ ದೊಡ್ಡ ಡಬ್ಬ ತಂದಿಳಿಸಿದ. ಬೆಲೆ ಕೇಳಿ ಚನ್ನರಾಯಪ್ಪನವರು ಡಬ್ಬವನ್ನು ಅವನತ್ತಲೇ ತಳ್ಳಿದರು.

"ತಗೊಂಡ್ಹೋಗಪ್ಪ. ಮನೇಲಿ ಸುಣ್ಣ ಇದೆ. ಅತ್ತೆ ಮನೆ ಅರಿಶಿನ ಡಬ್ಬಿ ತುಂಬಾ ಇದೆ. ಬೆರೆಸಿದ್ರೆ ಹಳದಿ ಆಯ್ತು."

"ಒಂದ್ಮಾತು ಅಮ್ಮಾವ್ರನ್ನ ಕೇಳಿ ಸಾರ್," ಎಂದ ಕದಿರೇಶ.

ಕೇಳಲು ಹೆಂಡತಿ ಮುನಿಗಂಗಮ್ಮ ಊರಲ್ಲಿರಲಿಲ್ಲ. ರೇಷ್ಮೆ ಇಲಾಖೆಯವರ ಮನೆಯಲ್ಲಿ ಒಂದೂ ಒಳ್ಳೆಯ ರೇಷ್ಮೆ ಸೀರೆ ಇಲ್ಲದ ಕಾರಣ, ತಂಗಿಯದನ್ನು ಕೇಳಿ ತರಲು ಮಗಳೊಂದಿಗೆ ಹಿಂದಿನ ದಿನವೇ ಸುಗಟೂರಿಗೆ ಹೋಗಿದ್ದಳು. ಕದಿರೇಶ ಡಬ್ಬ ಹೊತ್ತುಕೊಂಡು ಹೊರಟುಹೋದ.

ಚನ್ನರಾಯಪ್ಪನವರು ಬೀದಿಗೆ ಬೆನ್ನು ಹಾಕಿ ನಿಂತು ಬಕೆಟ್ಟಿನ ಸುಣ್ಣಕ್ಕೆ ಅರಿಶಿನ ಸುರಿದರು. ಕೋಲಿನಿಂದ ತಿರುಗಿಸಿದ್ದೇ ತಡ, ಸುಣ್ಣ ಕೆಂಪಗಾಯಿತು. ಅರಿಶಿನ ಸಾಲಲಿಲ್ಲವೆಂದು ಇನ್ನಷ್ಟು ಸುರಿದರು. ಇನ್ನಷ್ಟು ಕೆಂಪಾಯಿತು.

ಪಕ್ಕದ ಮನೆಯ ಮುದುಕ ಪೆದ್ದಪ್ಪ ಜಗಲಿಯಿಂದ ಎದ್ದು ಬಂದ. "ಏಮಪ್ಪಾ, ಹಸೀದ್ರಲ್ಲಿ ಬಣ್ಣ ನೋಡ್ಬಾರ್ದು. ಒಣಗಿದ್ಮೇಲೆ ಬೇರೇನೇ ಆಗುತ್ತೆ. ನೀನು ಬಳಿ."

ಬಳಿದರು. ಎದುರುಮನೆಯ ಗಂಗುಲಪ್ಪನೂ ಬಂದು ಹಿಂದೆ ನಿಂತ. ದೂರದ ನೆಂಟ, ಅವನಿಗೂ ಮದುವೆಗೆ ಬಂದ ಮಗಳಿದ್ದಳು. "ಎರಡನೇ ಕೋಟ್‌ಗೆ ಸರಿಹೋಗುತ್ತೆ ಬಿಡಿ ಭಾವಾ," ಎಂದ. ಅವನ ತೋಳಿನ ಮೇಲೆ ಹಳದಿ ಹನಿಗಳಿದ್ದವು. ತಮ್ಮ ಅರಿಶಿನವೇ ಸಿಡಿಯಿತೆಂದು ಚನ್ನರಾಯಪ್ಪನವರು ಒರೆಸಿಕೊಳ್ಳಲು ಟವಲು ಕೊಟ್ಟರು.

ಎರಡನೇ ಕೋಟ್‌ಗೆ ಗೋಡೆ ಕುರಿ ಕಡಿದ ಜಾಗದ ಹಾಗಾಯಿತು. ಮೇಲೆ ಬಿಳಿ ಸುಣ್ಣ ಬಳಿದು ಮುಚ್ಚಲು ನೋಡಿದರೆ ಗುಲಾಬಿ ಪಟ್ಟೆಗಳೆದ್ದವು. ಪಂಚೆ, ಮೀಸೆ, ಕನ್ನಡಕ ಎಲ್ಲ ಕೆಂಪು.

ಮಧ್ಯಾಹ್ನದ ಬಸ್ಸಿಗೆ ಬಂದ ಮುನಿಗಂಗಮ್ಮ ಅವರ ಹಿಂದೆ ಬಂದು ನಿಂತಳು.

"ಯಾರಾದ್ರೂ ಸುಣ್ಣಕ್ಕೆ ಅರಿಶಿನ ಹಾಕ್ತಾರೇನ್ರೀ? ಆರತಿಗೆ ಕೆಂಪು ನೀರು ಮಾಡೋದು ಹೇಗೆ ಅಂದ್ಕೊಂಡಿದ್ರಿ?"

ಜೀವಮಾನದಲ್ಲಿ ಎಷ್ಟೋ ಸಲ ಆರತಿ ಎತ್ತಿಸಿಕೊಂಡಿದ್ದರೂ ಆ ನೀರು ಕೆಂಪಗೇಕೆ ಎಂದು ಅವರು ಯೋಚಿಸಿರಲಿಲ್ಲ. ಮಗಳು ಸೀರೆಯ ಗಂಟನ್ನು ಎದೆಗವಚಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿ ಅವರಿಗೆ ಅಳು ಬಂತು.

ಹಿತ್ತಿಲಿಗೆ ಹೋಗಿ ಕೈ ತಿಕ್ಕಿದರು. ಸೋಪು ಹಚ್ಚಿದಷ್ಟೂ ಕೆಂಪು ಏರಿತು. ನಾಲ್ಕಕ್ಕೆ ಬರಬೇಕಾದವರು ಐದಾದರೂ ಇಲ್ಲ. ಕೊನೆಗೆ ಬಾಗಿಲಿಗೆ ಬಂದು, ಬೆಳಗಿನಿಂದ ಮೊದಲ ಸಲ ಬೀದಿಯ ಆಚೆ ಕಣ್ಣು ಹಾಯಿಸಿದರು.

ಎದುರಿಗೆ ಗಂಗುಲಪ್ಪನ ಮನೆ ಹೊಸ ಹಳದಿಯಲ್ಲಿ ಹೊಳೆಯುತ್ತಿತ್ತು. ಜಗಲಿಯ ಮೇಲೆ ಕದಿರೇಶನ ಖಾಲಿ ಡಬ್ಬ. ಬಾಗಿಲಲ್ಲಿ ಏಳೆಂಟು ಜೊತೆ ಹೊಸ ಚಪ್ಪಲಿ.

ಚನ್ನರಾಯಪ್ಪನವರು ಓಡಿ ಬಂದದ್ದನ್ನು ನೋಡಿ ಗಂಗುಲಪ್ಪ ಹೊಸಿಲಲ್ಲೇ ತಡೆದ.

"ನಾನೇನ್ಮಾಡ್ಲಿ ಭಾವಾ. ನೀವು ಬೇಡ ಅಂದ ಡಬ್ಬ ಕದಿರೇಶ ಕಮ್ಮಿಗೆ ಕೊಟ್ಟ. ಇವ್ರು ಹಳದಿ ಮನೆ ಅಂತ ಸೀದಾ ಒಳಕ್ಕೆ ಬಂದ್ಬಿಟ್ರು. ಇದಲ್ಲ, ಎದುರುಗಡೆ ಅಂತ ತೋರಿಸ್ದೆ. ಗೋಡೆ ನೋಡಿ ಹುಡುಗನ ತಾಯಿ ಹೆದರ್ಕೊಂಡ್ರು. ಅಷ್ಟ್ರಲ್ಲಿ ನಮ್ಮ ಹುಡುಗಿ ನೀರು ತಂದ್ಕೊಟ್ಳು. ಹುಡುಗ ಒಪ್ಕೊಂಡ್ಬಿಟ್ಟ."

ಚನ್ನರಾಯಪ್ಪನವರು ವಾಪಸು ಬಂದು ತಮ್ಮ ಗೋಡೆಯ ಬುಡದಲ್ಲಿ ಕುಸಿದು ಕೂತರು. ಒಳಗೆ ಮಗಳು ಚಿಕ್ಕಮ್ಮನ ಸೀರೆ ಉಟ್ಟು ಇನ್ನೂ ಕಾಯುತ್ತಿದ್ದಳು. ಅವಳಿಗೆ ಹೇಳುವವರು ಯಾರು?

ಅಷ್ಟರಲ್ಲಿ ಗಂಗುಲಪ್ಪನ ಹೆಂಡತಿ ವೆಂಕಟರತ್ನಮ್ಮ ಹಿತ್ತಾಳೆ ತಟ್ಟೆ ಹಿಡಿದು ಬೀದಿ ದಾಟಿ ಬಂದಳು.

"ಅಣ್ಣಾ, ಗಂಡಿಗೆ ಆರತಿ ಎತ್ಬೇಕು. ಮನೇಲಿ ಚೂರೂ ಸುಣ್ಣ ಇಲ್ಲ. ನಿಮ್ಮ ಬಕೆಟ್ಟಲ್ಲಿ ಉಳಿದಿದ್ರೆ ಒಂದು ತಟ್ಟೆ ಕೊಡ್ತೀರಾ?"

ಚನ್ನರಾಯಪ್ಪನವರು ಬಕೆಟ್ಟನ್ನು ಅವಳ ಕಡೆಗೆ ಸರಿಸಿದರು.