ಕಂಬಳಿ ಟಾಪಿನ ಜೀಪು ಮತ್ತು ಸದರಿ ನಿಯಮಾವಳಿ

ಬರೆಯಲು ಹೆದರುವವನಿಗೆ 'ಸದರಿ' ಎಂಬ ಪದ ಕೊಡುವಷ್ಟು ಧೈರ್ಯವನ್ನು ಕನ್ನಡದ ಬೇರಾವ ಪದವೂ ಕೊಡಲಾರದು. ಇದು ನನ್ನ ಅನುಭವ. ಚಳ್ಳಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ನಾನು ಇದುವರೆಗೆ ಬರೆದದ್ದೆಲ್ಲ ಪತ್ರಗಳೇ. ಒಂದು ನಿಯಮಾವಳಿಯನ್ನು ಹೊರತುಪಡಿಸಿ ಪತ್ರವಲ್ಲದ ಬರಹಕ್ಕೆ ಕೈ ಹಚ್ಚುತ್ತಿರುವುದು ಇದೇ ಮೊದಲಾದ್ದರಿಂದ, ಓದುಗ ಮಹಾಶಯರು ಲೋಪದೋಷಗಳನ್ನು ಮನ್ನಿಸಬೇಕಾಗಿ ಈ ಮೂಲಕ ವಿನಂತಿಸಿಕೊಳ್ಳುತ್ತೇನೆ. ಪ್ರೀತಿ, ಸಿಟ್ಟು, ಹಸಿವು ಮುಂತಾದವುಗಳ ಬಗ್ಗೆ ಬರೆಯಹೊರಟರೆ ನನ್ನ ಪೆನ್ನು ನಡುಗುತ್ತದೆ. 'ಸದರಿ ಹಸಿವಿಗೆ ಸಂಬಂಧಿಸಿದಂತೆ' ಎಂದು ಬರೆದೊಡನೆ ನಡುಕ ನಿಲ್ಲುತ್ತದೆ. ಮದುವೆಯಾದ ಹೊಸದರಲ್ಲಿ ತವರಿಗೆ ಹೋಗಿದ್ದ ಹೆಂಡತಿಗೆ 'ತಾವು ಶೀಘ್ರವೇ ಹಿಂದಿರುಗಿ ಹಾಜರಾಗತಕ್ಕದ್ದು' ಎಂದು ಬರೆದವನು ನಾನು. ಆಕೆ ತಡವಾಗಿಯೇ ಬಂದಳು. ಕಾರಣ ಕೇಳಿದ್ದಕ್ಕೆ, "ರಜಾ ಮುಂದುವರಿಸ್ಕಂಡಿದ್ದೆ" ಎಂದಳು.

ಇಂತಹ ನನ್ನನ್ನು ಹಳೇ ಗಾಡಿ ಸಂಘದವರು ಕಾರ್ಯದರ್ಶಿಯನ್ನಾಗಿ ಮಾಡಿಕೊಂಡ ಸಂಗತಿಯನ್ನು ಇಲ್ಲಿ ವಿವರಿಸಬೇಕಾಗಿದೆ. ಮೊಬೈಲುಗಳು ನಮ್ಮ ಕಡೆ ಇನ್ನೂ ಕಾಲಿಡದ ಕಾಲವದು. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಹಳೆಯ ಜೀಪು, ಹಳೆಯ ಕಾರು ಇಟ್ಟುಕೊಂಡವರೆಲ್ಲ ಸೇರಿ, ಶೇಂಗಾ ಒಕ್ಕಣೆ ಮುಗಿದ ಮೇಲೆ ದೊಡ್ಡಉಳ್ಳಾರ್ತಿಯ ಕಾವಲಿನ, ಅಂದರೆ ಹುಲ್ಲುಗಾವಲಿನ, ಅಂಚಿನಲ್ಲಿ ಜೋಡಿ ಓಟ ನಡೆಸುತ್ತಿದ್ದರು. ಎರಡು ಗಾಡಿಗಳು ಅಕ್ಕಪಕ್ಕ ನಿಲ್ಲಬೇಕು. ಟವೆಲ್ಲು ಬೀಸಿದೊಡನೆ ನಿಂತ ಜಾಗದಿಂದ ಹೊರಟು, ನೆಟ್ಟಗೆ ಓಡಿ, ದೂರದ ಒಂಟಿ ಜಾಲಿಮರವನ್ನು ಮೊದಲು ದಾಟಬೇಕು. ಅಷ್ಟೇ. ಗಾಡಿಯು ಅದರ ಮಾಲೀಕನ ಮದುವೆಗಿಂತ ಹಳೆಯದಾಗಿರಬೇಕು ಎಂಬುದೊಂದೇ ಆಗಿನ ಕಟ್ಟುಪಾಡು. ಬ್ರಹ್ಮಚಾರಿಗಳಿಗೆ ಪ್ರವೇಶವಿರಲಿಲ್ಲ.

ಗಾಡಿ ಹಗುರಾದಷ್ಟೂ ಬೇಗ ಓಡುತ್ತದೆಂಬ ವಿಷಯ ಜನರಿಗೆ ತಿಳಿದದ್ದೇ ಎಲ್ಲ ತೊಂದರೆಗೂ ಮೂಲವಾಯಿತು. ಒಬ್ಬರು ಕಬ್ಬಿಣದ ಬಾಗಿಲು ಕಿತ್ತೆಸೆದು, ಎಣ್ಣೆ ಡಬ್ಬಿಗಳನ್ನು ಬಡಿದು ಚಪ್ಪಟೆ ಮಾಡಿದ ತಗಡನ್ನು ಕೂರಿಸಿಕೊಂಡು ಬಂದರು. ಸಿದ್ದಾಪುರದವರೊಬ್ಬರು ಮಡ್‌ಗಾರ್ಡನ್ನು ಬಿದಿರಿನಲ್ಲಿ ಹೆಣೆಸಿ ಬಣ್ಣ ಬಳಿಸಿದ್ದರು. ಸಂಘದ ಅಧ್ಯಕ್ಷರೂ ಎಣ್ಣೆ ಮಿಲ್ಲಿನ ಮಾಲೀಕರೂ ಆದ ಶಿವಣ್ಣನವರು ಅದರ ಸುತ್ತ ಒಂದು ಸುತ್ತು ಬಂದು, "ಲೇ, ಇದು ಗಾಡಿನೋ ಕೋಳಿ ಮುಚ್ಚೋ ಮಂಕರಿನೋ?" ಎಂದರು. ಸದರಿ ಮಾತಿನಿಂದ ಹುಟ್ಟಿದ ಜಗಳವು ಊಟದ ಹೊತ್ತಿನವರೆಗೆ ಮುಂದುವರಿಯಿತು. ಕೊನೆಗೆ ಶಿವಣ್ಣನವರು ನನ್ನತ್ತ ತಿರುಗಿ, "ನೀನು ಆಫೀಸ್ನಾಗೆ ಕಾಗದ ಬರೆಯಾಂವ ಅಲ್ವೇನಪ್ಪಾ? ಯಾವನೂ ಅಲ್ಲಾಡಬಾರದು, ಅಂಥ ರೂಲ್ಸ್ ಬರಿ. ಇವತ್ತಿಂದ ನೀನೇ ಸೆಕ್ರೆಟ್ರಿ" ಎಂದು ಆದೇಶಿಸಿದರು.

ಜೀವನದಲ್ಲಿ ಯಾರೂ ಅಲ್ಲಾಡದಂತಹ ಏನನ್ನಾದರೂ ಮಾಡುವ ಅವಕಾಶ ನನಗೆ ಅದುವರೆಗೆ ಒದಗಿರಲಿಲ್ಲ. ಮನೆಯಲ್ಲಿ ನಾನು ಹೊಡೆದ ಮೊಳೆ ಕೂಡ ಅಲ್ಲಾಡುತ್ತದೆ. ಆದ್ದರಿಂದ ಬಹಳ ಶ್ರಮವಹಿಸಿ ಬರೆದೆನು. 'ಹಳೆಯ ಗಾಡಿಯ ಯಾವುದೇ ಮೈಭಾಗವು ಶಿಥಿಲವಾದಲ್ಲಿ ಬದಲಿ ಭಾಗವನ್ನು ಜೋಡಿಸಲು ಅವಕಾಶವಿರುತ್ತದೆ. ಆದರೆ ತಗಡಿಗೆ ತಗಡು, ಮರಕ್ಕೆ ಮರ, ಬಟ್ಟೆಗೆ ಬಟ್ಟೆಯೇ ಇರತಕ್ಕದ್ದು. ಸದರಿ ಬದಲಿ ಭಾಗವು ಮೂಲ ಭಾಗಕ್ಕಿಂತ ಹಗುರವಾಗಿರತಕ್ಕದ್ದಲ್ಲ. ಮೂಲ ಭಾಗವು ನಾಶವಾಗಿದ್ದಲ್ಲಿ, ಎದುರಾಳಿ ಗಾಡಿಯ ಮೂಲ ಭಾಗದೊಂದಿಗೆ ತೂಗಿ ನೋಡತಕ್ಕದ್ದು. ಒಮ್ಮೆ ಕೈಗೊಂಡ ತೂಕವೇ ಅಂತಿಮವಾಗಿದ್ದು, ಈ ಬಗ್ಗೆ ಯಾವುದೇ ಪತ್ರವ್ಯವಹಾರಕ್ಕೆ ಅವಕಾಶವಿರುವುದಿಲ್ಲ.' ಈ ಕಡೆಯ ವಾಕ್ಯವನ್ನು ನಾನು ಯೋಚಿಸಿ ಬರೆದದ್ದಲ್ಲ. ಅದಿಲ್ಲದೆ ಮುಗಿಸಿದರೆ ನನ್ನ ಕೈಗೆ ಸಮಾಧಾನವಿರುವುದಿಲ್ಲ.

ಇಲ್ಲಿಗೆ ಎಲ್ಲವೂ ಸುಸೂತ್ರವಾಗಿತ್ತು. ಆದರೆ ಆ ವರ್ಷ ಶಿವಣ್ಣನವರ ಜೀಪಿಗೆ ಜೋಡಿಯಾಗಿ ನಿಗದಿಯಾದದ್ದು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಓಬಯ್ಯನವರ ಜೀಪು. ಓಬಯ್ಯನವರು ಕುರಿಕಾರರ ಮನೆತನದವರು; ಅದಕ್ಕಿಂತ ಮುಖ್ಯವಾಗಿ, ನನ್ನ ಮಾವನವರು. ಪ್ರತಿವರ್ಷ ಶಿವಣ್ಣನವರ ಎದುರು ಸೋಲುವುದು ಅವರಿಗೆ ವಾಡಿಕೆಯಾಗಿತ್ತು. ಸಂತೆಯಲ್ಲಿ ಕಂಡಾಗಲೆಲ್ಲ ಶಿವಣ್ಣನವರು, "ಲೇ ಓಬಯ್ಯ, ಜೀಪಿಗೆ ಹುಲ್ಲು ಹಾಕಿದ್ಯೇನೋ?" ಎಂದು ಕೇಳುತ್ತಿದ್ದರು. ಅದೂ ಸಾಲದೆಂಬಂತೆ, ಆ ಬೇಸಿಗೆಯಲ್ಲಿ ಮಾವನವರ ಜೀಪಿನ ಟಾರ್ಪಾಲು ಟಾಪನ್ನು ಅವರದೇ ಆಡುಗಳು ಮೇಯ್ದು ಮುಗಿಸಿದ್ದವು. ಅದರ ಬದಲಿಗೆ ಅವರು ಮನೆಯಲ್ಲಿದ್ದ ಕರೀ ಕಂಬಳಿಗಳನ್ನು ಜೋಡಿಸಿ ಹೊಲಿಸಿ ಟಾಪು ಮಾಡಿದ್ದರು.

"ನಮ್ಮಪ್ಪನ ಜೀಪು ಓಡ್ತೈತೋ ಇಲ್ಲೋ?" ಎಂದು ಹೆಂಡತಿ ಸುಶೀಲ ಊಟಕ್ಕೆ ಬಡಿಸುತ್ತಾ ಕೇಳಿದಳು.

"ನಿಯಮಾನುಸಾರ ಪರಿಶೀಲಿಸಲಾಗುವುದು" ಎಂದೆನು.

"ಹಂಗಾರೆ ಸಾರೂ ನಿಯಮಾನುಸಾರನೇ ಬರ್ತೈತೆ, ಕುಂತಿರ್ರಿ" ಎಂದು ಸೌಟನ್ನು ಪಾತ್ರೆಗೆ ವಾಪಸು ಹಾಕಿದಳು.

ಒಂದು ಕಡೆ ಸಾರು, ಇನ್ನೊಂದು ಕಡೆ ಎರಡು ತಾಲ್ಲೂಕಿನ ನಂಬಿಕೆ. ಮಾವನವರಿಗೆ ಕಿಂಚಿತ್ತೂ ವಿನಾಯಿತಿ ತೋರಿಸಬಾರದು, ಯಾರೂ ನನ್ನತ್ತ ಬೆರಳು ಮಾಡಬಾರದು ಎಂದು ನಾನು ಬರೀ ಅನ್ನ ಕಲಸುತ್ತಲೇ ತೀರ್ಮಾನಿಸಿದೆನು.

ಓಟದ ದಿನ ಶಿವಣ್ಣನವರ ಮಿಲ್ಲಿನಿಂದ ಶೇಂಗಾ ಮೂಟೆ ತೂಗುವ ದೊಡ್ಡ ತಕ್ಕಡಿಯನ್ನು ತಂದು ಬೇವಿನಮರಕ್ಕೆ ನೇತುಹಾಕಲಾಯಿತು. ಒಂದು ತಟ್ಟೆಯಲ್ಲಿ ಶಿವಣ್ಣನವರ ಜೀಪಿನ ಮೂಲ ಟಾರ್ಪಾಲನ್ನು ಇಟ್ಟರು. ಮಾವನವರು ಗೊಬ್ಬರದ ಪ್ಲಾಸ್ಟಿಕ್ ಚೀಲದಿಂದ ಕಂಬಳಿಯನ್ನು ಹೊರತೆಗೆದು ಇನ್ನೊಂದು ತಟ್ಟೆಯಲ್ಲಿಟ್ಟರು. ಕಂಬಳಿಯ ತಟ್ಟೆ ಧೊಪ್ಪನೆ ಕೆಳಗಿಳಿಯಿತು. "ಕಂಬಳಿ ಬಟ್ಟೆ ಹೆಂಗಾಗ್ತೈತೆ?" ಎಂದು ಯಾರೋ ಆಕ್ಷೇಪಿಸಿದರು. "ನೀನು ಚಳಿಗಾಲದಾಗ ಹೊದ್ಕಳೋದು ತಗಡೇನ್ಲಾ?" ಎಂದು ಮಾವನವರು ಕೇಳಿದ್ದರಿಂದ ಸದರಿ ಆಕ್ಷೇಪಣೆ ವಜಾ ಆಯಿತು. ಕಂಬಳಿಯ ತಟ್ಟೆಯಿಂದ ಏನೋ ತೊಟ್ಟಿಕ್ಕುತ್ತಿದ್ದುದನ್ನು ನಾನು ಗಮನಿಸಿದೆನು. ಎಣ್ಣೆ ಮಿಲ್ಲಿನ ತಕ್ಕಡಿಯಾದ್ದರಿಂದ ತೊಟ್ಟಿಕ್ಕುವುದು ಸಹಜವೆಂದು ಭಾವಿಸಿ 'ಅಂಗೀಕೃತ' ಎಂದು ಘೋಷಿಸಿದೆನು.

ಇಬ್ಬರೂ ಟಾಪು ಕಟ್ಟಿಕೊಂಡು ಜೀಪುಗಳನ್ನು ಗೆರೆಗೆ ತಂದು ನಿಲ್ಲಿಸಿದರು. ಇನ್ನು ಟವೆಲ್ಲು ಬೀಸಬೇಕು ಎನ್ನುವಾಗ ನನಗೆ ಒಂದು ಯೋಚನೆ ಹೊಳೆಯಿತು. ಅಳಿಯನು ಮಾವನ ಪಕ್ಷಪಾತಿಯೆಂದು ನಾಳೆ ಯಾರೂ ಹೇಳಬಾರದು. ಆದ್ದರಿಂದ ಸಮಸ್ತ ನಿಯಮಾವಳಿಯನ್ನು ಸಾರ್ವಜನಿಕವಾಗಿ ಓದಿಬಿಡೋಣ. ಓದಿದೆನು. ಪೀಠಿಕೆ, ಉದ್ದೇಶ, ವ್ಯಾಖ್ಯೆಗಳು, ಬಾಗಿಲುಗಳು, ಮಡ್‌ಗಾರ್ಡುಗಳು, ಬಾನೆಟ್ಟು, ಟಾಪು, ಒಂದನ್ನೂ ಬಿಡದೆ ಓದಿದೆನು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವೇನೋ ಎಂಬ ಅನುಮಾನ ಬಂದು ಕೆಲವು ಭಾಗಗಳನ್ನು ಪುನಃ ಓದಿದೆನು. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು, ಕಾವಲಿನ ಗಾಳಿ ಭರ್ರೆಂದು ಬೀಸುತ್ತಿತ್ತು. "ಸಾಕು ಮಾಡೋ ಮಾರಾಯ, ಎಂಜಿನ್ನು ತಣ್ಣಗಾಗ್ತೈತೆ!" ಎಂದು ಶಿವಣ್ಣನವರು ಜೀಪಿನೊಳಗಿಂದ ಕೂಗಿದರು. ಮಾವನವರು ಮಾತ್ರ ಸ್ಟಿಯರಿಂಗಿನ ಮೇಲೆ ಕೈಕಟ್ಟಿ ಕುಳಿತು, "ಸರೇ ಸರೇ, ಓದ್ರಿ ಅಳಿಯಂದ್ರೆ. ರೂಲ್ಸ್ ಅಂದ್ಮೇಲೆ ಪೂರ್ತಿ ಓದಬೇಕು" ಎಂದರು. ಮದುವೆಯಾದಂದಿನಿಂದ ಅವರು ನನ್ನ ಯಾವ ಮಾತನ್ನೂ ಅಷ್ಟು ಗಮನವಿಟ್ಟು ಆಲಿಸಿರಲಿಲ್ಲ. ನಾನು ಉತ್ತೇಜಿತನಾಗಿ ಅನುಬಂಧವನ್ನೂ ಓದಿದೆನು.

ಬಳಿಕ ಟವೆಲ್ಲು ಬೀಸಿದರು. ಜಾಲಿಮರವನ್ನು ಮೊದಲು ದಾಟಿದ್ದು ಮಾವನವರ ಜೀಪು. ಗೆದ್ದ ಅಂತರ ಬಾನೆಟ್ಟಿನಷ್ಟೇ ಇರಬಹುದು. ಆದರೆ ಮೊಳಕಾಲ್ಮೂರಿನವರ ಕೇಕೆ ಕಾವಲಿನಷ್ಟು ಅಗಲವಿತ್ತು.

ಶಿವಣ್ಣನವರು ಜೀಪಿನಿಂದಿಳಿದು ನೇರವಾಗಿ ಬಂದು ಮಾವನವರ ಕಂಬಳಿಯನ್ನು ಮುಟ್ಟಿ ನೋಡಿದರು. "ತೂಗ್ರೋ ಇದನ್ನ!" ಎಂದರು. ತೂಗಿದಾಗ ಕಂಬಳಿಯ ತಟ್ಟೆ ಮೇಲೇರಿ ನಿಂತಿತು.

"ಲೇ ಓಬಯ್ಯ, ಬೆಳಗ್ಗೆ ಇದಕ್ಕೆ ನೀರು ಕುಡಿಸಿದ್ಯೇನೋ?"

"ಕುಡಿಸಿದ್ದೆ. ಬ್ಯಾಡ ಅಂತ ರೂಲ್ಸ್‌ನಾಗೆ ಎಲ್ಲೈತೆ? ಇಷ್ಟೊತ್ತು ಓದಿದ್ರಲ್ಲ, ಎಲ್ಲಾದ್ರೂ ಕೇಳ್ತಾ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ನಿಯಮಾವಳಿಯ ಮುಖ ನೋಡಿದೆನು. ಒಮ್ಮೆ ಕೈಗೊಂಡ ತೂಕವೇ ಅಂತಿಮವೆಂದು ಅಲ್ಲಿ ನನ್ನ ಕೈಯೇ ಬರೆದಿತ್ತು. ಅದನ್ನೇ ಓದಿ ಹೇಳಿದೆನು. ದನಿ ಮಾತ್ರ ಸ್ವಲ್ಪ ಅಲ್ಲಾಡಿತು.

"ಪತ್ರವ್ಯವಹಾರಕ್ಕೂ ಅವಕಾಶ ಇಲ್ಲ, ಅಲ್ವೇನಪ್ಪಾ?" ಎಂದು ಶಿವಣ್ಣನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಾವ ನೆನೆಸಿದ, ಅಳಿಯ ಒಣಗಿಸಿದ! ಅದಕ್ಕೇ ಕಣ್ರೋ ಇವನು ಅಷ್ಟುದ್ದ ಓದಿದ್ದು!"

ನನಗೇನೂ ತಿಳಿದಿರಲಿಲ್ಲವೆಂದು ನಾನು ಎಷ್ಟು ವಿಧವಾಗಿ ವಿವರಿಸಿದರೂ ಯಾರೂ ನಂಬಲಿಲ್ಲ. ನಂಬಿಸುವುದು ಮನೆಯಲ್ಲಿ ಇನ್ನೂ ಕಷ್ಟವಾಯಿತು. ಬಹುಮಾನವಾಗಿ ಬಂದ ಶೇಂಗಾ ಎಣ್ಣೆಯ ಡಬ್ಬಿಯನ್ನು ಮಾವನವರು ನಮ್ಮ ಮನೆಗೇ ಕಳಿಸಿಕೊಟ್ಟಿದ್ದರು. ಸುಶೀಲ ಅದರಲ್ಲಿ ಪೂರಿ ಕರಿದು, ನನ್ನ ತಟ್ಟೆಗೆ ಒಂದರ ಮೇಲೊಂದು ಹಾಕುತ್ತಾ, "ನಿಮ್ಮ ತಲೆ ಹಿಂಗೆ ಓಡ್ತೈತೆ ಅಂತ ನನಗೆ ಗೊತ್ತೇ ಇರ್ಲಿಲ್ಲ ನೋಡ್ರಿ" ಎಂದಳು. ಮದುವೆಯಾದ ಮೇಲೆ ನನ್ನ ತಲೆಗೆ ದೊರೆತ ಮೊದಲ ಪ್ರಶಂಸೆ ಅದು. ಸತ್ಯವನ್ನು ಹೇಳಲು ಬಾಯಿ ತೆರೆದೆನು; ಪೂರಿ ಉಬ್ಬಿತ್ತು, ಬಿಸಿಯಾಗಿತ್ತು. ಮುಚ್ಚಿದೆನು.

ಸಂಘದವರು ಮುಂದಿನ ಸಭೆಯಲ್ಲಿ ನಿಯಮಾವಳಿಗೆ ತಿದ್ದುಪಡಿ ತಂದರು. ಬದಲಿ ಭಾಗಗಳನ್ನು ಒಣಗಿದ ಸ್ಥಿತಿಯಲ್ಲೇ ತೂಗತಕ್ಕದ್ದು ಎಂಬುದು ಒಂದು. ಕಾರ್ಯದರ್ಶಿಯು ಯಾವುದೇ ಕಾರಣಕ್ಕೂ ಮೈದಾನದಲ್ಲಿ ನಿಯಮಾವಳಿಯನ್ನು ಓದತಕ್ಕದ್ದಲ್ಲ ಎಂಬುದು ಇನ್ನೊಂದು. ಎರಡನ್ನೂ ಬರೆದುಕೊಟ್ಟವನು ನಾನೇ.

ಮೈದಾನವಲ್ಲವಾದ್ದರಿಂದ ಮನೆಯ ಹಿತ್ತಲಿನಲ್ಲಿ ನಿಂತು ಈ ಬರಹವನ್ನು ಸುಶೀಲಳಿಗೆ ಈಗಷ್ಟೇ ಓದಿ ಹೇಳಿದೆನು. ಕಂಬಳಿ ನೆನೆದದ್ದು ನನಗೆ ಗೊತ್ತಿರಲಿಲ್ಲವೆಂಬ ಭಾಗ ಬಂದಾಗ ಆಕೆ ಏನೆನ್ನುವಳೋ ಎಂದು ಹೆದರಿ ಓದನ್ನು ನಿಲ್ಲಿಸಿದೆನು. ಆಕೆ ತಂತಿಯ ಮೇಲಿನ ಬಟ್ಟೆಗಳನ್ನು ಮುಟ್ಟಿ ನೋಡುತ್ತಾ, "ನಿಲ್ಲಿಸ್ಬ್ಯಾಡ್ರಿ, ಓದ್ರಿ ಓದ್ರಿ. ಇನ್ನೂ ಒಂದು ಸೀರೆ ಒಣಗೋದೈತೆ" ಎಂದಳು.